ಓವರ್‌ಡ್ರೈವ್ ಗೇರಿನ ಲಾರಿಗೆ ಯಾವ ಕ್ರೌನ್-ಪಿನಿಯನ್ ಬೇಕು?

ಸಂಪಾದಕರಿಗೆ,

ಮಾನ್ಯರೇ,

ಡೀಸೆಲ್ ಖರ್ಚು ಮತ್ತು ಏರದ ಬಾಡಿಗೆಯ ನಡುವೆ ಸಿಕ್ಕಿಕೊಂಡಿರುವ ಸಣ್ಣ ಲಾರಿ ಮಾಲೀಕರ ಕಷ್ಟದ ಕುರಿತು ನಿಮ್ಮ ಪತ್ರಿಕೆಯ ಓದುಗರ ಪತ್ರಗಳ ವಿಭಾಗದಲ್ಲಿ ಬಂದ ಬರಹಗಳನ್ನು ಓದಿದ್ದೇನೆ. ಟೋಲ್, ವಿಮೆ, ಟೈರ್ ದರ, ಚಾಲಕರ ಕೊರತೆ ಎಲ್ಲವೂ ಅವುಗಳಲ್ಲಿ ಚರ್ಚೆಯಾಗಿವೆ. ಆದರೆ ಸಂಪೂರ್ಣವಾಗಿ ಮಾಲೀಕನ ಕೈಯಲ್ಲೇ ಇರುವ, ಗಾಡಿ ಕೊಳ್ಳುವ ದಿನ ಒಮ್ಮೆ ತೀರ್ಮಾನವಾಗಿ ಅದು ಗುಜರಿಗೆ ಹೋಗುವವರೆಗೂ ಪ್ರತಿ ಕಿಲೋಮೀಟರಿನ ಲೆಕ್ಕದಲ್ಲಿ ಕಾಣಿಸಿಕೊಳ್ಳುವ ಒಂದು ಸಂಗತಿಯನ್ನು ಯಾರೂ ಎತ್ತಲಿಲ್ಲ. ಹಿಂದಿನ ಆ್ಯಕ್ಸಲ್‌ನ ಹೌಸಿಂಗ್‌ನೊಳಗೆ ಗಾಲಿಗಳನ್ನು ತಿರುಗಿಸುವ ಹಲ್ಲುಚಕ್ರಗಳ ಜೋಡಿಯಾದ ಕ್ರೌನ್-ಪಿನಿಯನ್‌ನ ಅನುಪಾತವೇ ಆ ಸಂಗತಿ; ಮುಂದೆ ಹೌಸಿಂಗ್ ಎಂದಾಗಲೆಲ್ಲ ಈ ಜೋಡಿಯನ್ನೇ ಹೇಳುತ್ತಿದ್ದೇನೆ. ಓವರ್‌ಡ್ರೈವ್ ಗೇರ್‌ಬಾಕ್ಸ್ (ಕೊನೆಯ ಗೇರಿನಲ್ಲಿ ಹೊರಬರುವ ಶಾಫ್ಟ್ ಎಂಜಿನ್‌ಗಿಂತ ವೇಗವಾಗಿ ತಿರುಗುವ ಬಾಕ್ಸ್) ಇರುವ ಲಾರಿಗಳು ಈಗ ನಮ್ಮ ಭಾಗದಲ್ಲಿ ಹೆಚ್ಚುತ್ತಿರುವುದರಿಂದ ಈ ಅನುಪಾತವನ್ನು ಹೇಗೆ ಆರಿಸಬೇಕೆಂಬುದನ್ನು ಕೊಂಚ ವಿವರವಾಗಿಯೇ ಬರೆಯುತ್ತಿದ್ದೇನೆ. ಪತ್ರ ಉದ್ದವಾದರೂ ದಯವಿಟ್ಟು ಪ್ರಕಟಿಸಬೇಕೆಂದು ಕೋರುತ್ತೇನೆ.

ಕಲಬುರಗಿಯ ಗ್ಯಾರೇಜುಗಳಲ್ಲಿ ಈ ಬಗ್ಗೆ ಎರಡು ನಂಬಿಕೆಗಳು ಗಟ್ಟಿಯಾಗಿ ಬೇರೂರಿವೆ. ಹಳಬರು "ಎಳೆಯೋ ಗಾಡಿಗೆ 41-6 ಬಿಟ್ಟರೆ ಬೇರೆ ಹೌಸಿಂಗ್ ಇಲ್ಲ" ಎನ್ನುತ್ತಾರೆ. ಕ್ರೌನ್‌ಗೆ 41 ಹಲ್ಲು, ಪಿನಿಯನ್‌ಗೆ 6 ಹಲ್ಲು ಇರುವ, ಅಂದರೆ 6.83 ಅನುಪಾತದ ಜೋಡಿಯದು. ಗೇರ್‌ಬಾಕ್ಸ್‌ನ ಕೊನೆಯ ಗೇರು ನೇರವಾಗಿದ್ದು (ಎಂಜಿನ್ ತಿರುಗಿದಷ್ಟೇ ಶಾಫ್ಟೂ ತಿರುಗುವಂತಿದ್ದು) ಎಂಜಿನ್‌ಗಳ ಶಕ್ತಿಯೂ ಕಡಿಮೆಯಿದ್ದ ಕಾಲದಲ್ಲಿ ಆ ಮಾತಿಗೆ ಆಧಾರವಿತ್ತು. ಹೊಸದಾಗಿ ಗಾಡಿ ಕೊಳ್ಳುವ ಯುವಕರದು ಇದಕ್ಕೆ ತದ್ವಿರುದ್ಧವಾದ ನಂಬಿಕೆ. ಓವರ್‌ಡ್ರೈವ್ ಇದ್ದರೆ ಒಂದು ಉಳಿತಾಯ, ಅದರ ಜೊತೆಗೆ ಸಣ್ಣ ಸಂಖ್ಯೆಯ, ಅಂದರೆ ಕಡಿಮೆ ಅನುಪಾತದ, ಹೌಸಿಂಗ್ ಹಾಕಿಸಿದರೆ ಇನ್ನೊಂದು ಉಳಿತಾಯ, ಎರಡೂ ಕೂಡಿ ಎವರೇಜ್ (ಲೀಟರ್ ಡೀಸೆಲಿಗೆ ಓಡುವ ಕಿಲೋಮೀಟರ್) ತಾನಾಗಿಯೇ ಏರುತ್ತದೆ ಎಂದು ಅವರು ಭಾವಿಸುತ್ತಾರೆ. ಈ ಎರಡು ನಂಬಿಕೆಗಳೂ ಒಂದೇ ಸಂಖ್ಯೆಯನ್ನು ಬಿಡಿಯಾಗಿ ನೋಡುತ್ತವೆ. ಎಂಜಿನ್‌ಗೆ ತಟ್ಟುವುದು ಮಾತ್ರ ಗೇರಿನ ಅನುಪಾತ, ಹೌಸಿಂಗ್‌ನ ಅನುಪಾತ ಮತ್ತು ಟೈರಿನ ಸುತ್ತಳತೆ ಮೂರೂ ಸೇರಿ ಬರುವ ಒಂದೇ ಫಲ. ಆ ಫಲವನ್ನು ಕಾಗದದ ಮೇಲೆ ಲೆಕ್ಕ ಹಾಕದೆ ಹೌಸಿಂಗ್ ಆರಿಸಬಾರದು ಎಂಬುದೇ ಈ ಪತ್ರದಲ್ಲಿ ನಾನು ಹೇಳಬೇಕಾಗಿರುವುದು.

ಲೆಕ್ಕ ಕಷ್ಟದ್ದೇನಲ್ಲ. ಗಂಟೆಗೆ 60 ಕಿಲೋಮೀಟರ್ ಎಂದರೆ ನಿಮಿಷಕ್ಕೆ ಸರಿಯಾಗಿ 1000 ಮೀಟರ್. ನಮ್ಮಲ್ಲಿ ಸಾಮಾನ್ಯವಾಗಿರುವ 10.00-20 ಅಳತೆಯ ರೇಡಿಯಲ್ ಟೈರು ಒಂದು ಸುತ್ತು ಉರುಳಿದರೆ ಗಾಡಿ ಸುಮಾರು 3.2 ಮೀಟರ್ ಮುಂದೆ ಹೋಗುತ್ತದೆ. ಹಾಗಾಗಿ 60ರ ವೇಗದಲ್ಲಿ ಗಾಲಿ ನಿಮಿಷಕ್ಕೆ ಸುಮಾರು 312 ಸುತ್ತು ತಿರುಗುತ್ತದೆ. ಇದನ್ನು ಹೌಸಿಂಗ್‌ನ ಅನುಪಾತದಿಂದ ಗುಣಿಸಿದರೆ ಗೇರ್‌ಬಾಕ್ಸಿನಿಂದ ಹೌಸಿಂಗ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್‌ನ ಸುತ್ತು ಸಿಗುತ್ತದೆ. ಅದನ್ನು ಹಾಕಿರುವ ಗೇರಿನ ಅನುಪಾತದಿಂದ ಗುಣಿಸಿದರೆ ಎಂಜಿನ್‌ನ ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದು, ಸಿಗುತ್ತದೆ. ನೇರ ಗೇರಿನ ಅನುಪಾತ 1. ಓವರ್‌ಡ್ರೈವ್ ಗೇರಿನದು 1ಕ್ಕಿಂತ ಕಡಿಮೆ; ಲೆಕ್ಕಕ್ಕಾಗಿ 0.78 ಎಂದು ಇಟ್ಟುಕೊಳ್ಳೋಣ. 6.83ರ ಹೌಸಿಂಗ್ ಇರುವ ಲಾರಿ 60ರ ವೇಗದಲ್ಲಿ ನೇರ ಗೇರಿನಲ್ಲಿ ಓಡುವಾಗ ಎಂಜಿನ್ ಸುಮಾರು 2130 ಆರ್‌ಪಿಎಂನಲ್ಲಿ ಕಿರುಚುತ್ತಿರುತ್ತದೆ. ಅದೇ ಲಾರಿ ಓವರ್‌ಡ್ರೈವ್‌ಗೆ ಬಂದರೆ 1665ಕ್ಕೆ ಇಳಿಯುತ್ತದೆ. 41-7 ಹಲ್ಲಿನ, ಅಂದರೆ 5.86 ಅನುಪಾತದ ಹೌಸಿಂಗ್‌ನಲ್ಲಿ ನೇರ ಗೇರಿಗೆ 1830, ಓವರ್‌ಡ್ರೈವ್‌ಗೆ 1430. 39-8 ಹಲ್ಲಿನ, ಅಂದರೆ 4.88ರ ಹೌಸಿಂಗ್‌ನಲ್ಲಿ ನೇರ ಗೇರಿಗೆ 1520, ಓವರ್‌ಡ್ರೈವ್‌ಗೆ 1190ರ ಆಸುಪಾಸು.

ಇಲ್ಲಿ ಎರಡು ಸಾಲುಗಳನ್ನು ಹೋಲಿಸಿ ನೋಡಬೇಕು. 5.86ರ ಹೌಸಿಂಗ್‌ನೊಂದಿಗೆ ಓವರ್‌ಡ್ರೈವ್ ಕೊಡುವ 1430 ಮತ್ತು 4.88ರ ಹೌಸಿಂಗ್‌ನೊಂದಿಗೆ ನೇರ ಗೇರು ಕೊಡುವ 1520 ಒಂದಕ್ಕೊಂದು ಬಹಳ ಹತ್ತಿರದಲ್ಲಿವೆ. ಹಾಗಿರುವಾಗ ಓವರ್‌ಡ್ರೈವ್ ಬಾಕ್ಸ್‌ಗೆ ಹಣ ಕೊಟ್ಟವನು 5.86ರ ಹೌಸಿಂಗ್ ತೆಗೆದುಕೊಂಡರೆ, ಹೆದ್ದಾರಿಯಲ್ಲಿ ಸಣ್ಣ ಸಂಖ್ಯೆಯ ಹೌಸಿಂಗ್‌ನ ಸೌಮ್ಯ ಓಟವೂ, ಏರಿನಲ್ಲಿ ಮತ್ತು ಕೆಸರಿನಲ್ಲಿ ದೊಡ್ಡ ಸಂಖ್ಯೆಯ ಹೌಸಿಂಗ್‌ನ ಎಳೆತವೂ ಅವನಿಗೆ ಒಟ್ಟಿಗೆ ದಕ್ಕುತ್ತವೆ. ಅವನು 4.88ರ ಹೌಸಿಂಗ್ ಹಾಕಿಸಿದರೆ ನಮ್ಮ ಎರಡು ಪಥದ ರಸ್ತೆಗಳಲ್ಲಿ ಓವರ್‌ಡ್ರೈವ್ ಗೇರನ್ನು ಹಾಕುವ ಸಂದರ್ಭವೇ ಅಪರೂಪವಾಗುತ್ತದೆ. ಊರು, ಹಂಪು, ಎತ್ತಿನ ಗಾಡಿ, ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ಲೋಡ್ ಲಾರಿಯ ವೇಗ ಬಹಳ ಹೊತ್ತು 40ರ ಸುತ್ತಲೇ ಇರುತ್ತದೆ. ಆ ವೇಗದಲ್ಲಿ 4.88 ಮತ್ತು ಓವರ್‌ಡ್ರೈವ್ ಕೂಡಿದರೆ ಎಂಜಿನ್ 800 ಆರ್‌ಪಿಎಂಗೂ ಕೆಳಗೆ ಬೀಳುತ್ತದೆ, ಅಲ್ಲಿ ಯಾವ ಡೀಸೆಲ್ ಎಂಜಿನ್ನೂ ಲೋಡನ್ನು ನೆಟ್ಟಗೆ ಎಳೆಯಲಾರದು. ಕೊಟ್ಟ ಹಣದ ಗೇರು ಬಾಕ್ಸಿನೊಳಗೆ ಸುಮ್ಮನೆ ತಿರುಗುತ್ತಿರುತ್ತದೆ, ಅಷ್ಟೆ.

ಎಂಜಿನ್ ಎಷ್ಟು ಆರ್‌ಪಿಎಂನಲ್ಲಿ ಓಡಿದರೆ ಒಳ್ಳೆಯದೆಂಬುದು ಗಾಡಿಯ ಕಾಲಮಾನವನ್ನು ಅವಲಂಬಿಸಿದೆ. 2020ರ ಏಪ್ರಿಲ್ 1ರಿಂದ ಕಡ್ಡಾಯವಾದ ಬಿಎಸ್-6 ಹೊಗೆ ಮಾನದಂಡದ ಕಾಮನ್ ರೈಲ್ (ಹೆಚ್ಚು ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುವ) ಎಂಜಿನ್‌ಗಳಲ್ಲಿ ಹೆಚ್ಚಿನವು ತಮ್ಮ ಪೂರ್ಣ ಟಾರ್ಕನ್ನು (ತಿರುಚುಬಲವನ್ನು) ಸುಮಾರು 1100ರಿಂದ 1600 ಆರ್‌ಪಿಎಂ ನಡುವೆ ಕೊಡುತ್ತವೆ. ಡೀಸೆಲ್ ಮಿತವಾಗಿ ಸುಡುವುದೂ ಆ ಪಟ್ಟಿಯಲ್ಲೇ. ಹಳೆಯ ಪಂಪ್ ಎಂಜಿನ್‌ಗಳು ಅದಕ್ಕಿಂತ ಮೇಲೆ ಹೋದರೆ ಮಾತ್ರ ಜೋರು ತೋರಿಸುತ್ತಿದ್ದವು. ಆದ್ದರಿಂದ ಹಳಬರ 6.83ರ ನಂಬಿಕೆಯನ್ನು ಹೊಸ ಎಂಜಿನ್‌ಗೆ ಹಾಗೆಯೇ ಒಯ್ಯುವುದೂ ತಪ್ಪೇ. ನಾಲ್ಕು ಪಥದ ರಸ್ತೆಯಲ್ಲಿ ಸರಕು ವಾಹನಕ್ಕೆ ಅನುಮತಿಸಿರುವ 80ರ ವೇಗದಲ್ಲಿ 6.83ರ ಹೌಸಿಂಗ್ ಓವರ್‌ಡ್ರೈವ್‌ನಲ್ಲೂ ಎಂಜಿನ್ ಅನ್ನು 2200 ದಾಟಿಸುತ್ತದೆ. ಬಿಎಸ್-6 ಗಾಡಿಯನ್ನು ದಿನವಿಡೀ ಹಾಗೆ ಓಡಿಸಿದರೆ ಅದರ ಒಳ್ಳೆಯ ಗುಣವನ್ನೆಲ್ಲ ಕೈಯಾರೆ ಕೆಡಿಸಿದಂತೆ.

ಈಗ ರಸ್ತೆಯ ವಿಚಾರಕ್ಕೆ ಬರುತ್ತೇನೆ, ಏಕೆಂದರೆ ಗಾಡಿ ಮಾರುವ ಮಳಿಗೆಯ ನುಣುಪಾದ ನೆಲದ ಮೇಲೆ ಎಲ್ಲ ಹೌಸಿಂಗ್‌ಗಳೂ ಚೆನ್ನಾಗಿಯೇ ಓಡುತ್ತವೆ. ನಮ್ಮ ಭಾಗ ಬಯಲು ಸೀಮೆ, ಇಲ್ಲಿ ಘಟ್ಟವೆಲ್ಲಿದೆ ಎಂದು ಬಹಳ ಮಂದಿ ಹೇಳುತ್ತಾರೆ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ, ಬೀದರ್ ಕೆಂಗಲ್ಲಿನ ಪ್ರಸ್ಥಭೂಮಿಯ ಮೇಲಿದ್ದು 650 ಮೀಟರ್‌ಗೂ ಮೇಲಿದೆ. ಈ 200 ಮೀಟರ್ ಏರಿಕೆ ದಾರಿಯುದ್ದಕ್ಕೂ ಸಮನಾಗಿ ಹಂಚಿಕೊಂಡಿಲ್ಲ; ಕಮಲಾಪುರ ದಾಟಿ ಹುಮನಾಬಾದಿನ ಕಡೆಗೆ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಹೋಗುವಾಗ ಏರು, ಇಳಿಜಾರು, ಮತ್ತೆ ಏರು ಎಂದು ತುಂಡುತುಂಡಾಗಿ ಬರುತ್ತದೆ. ವಾಡಿ, ಸೇಡಂ, ಮಳಖೇಡ ಭಾಗದ ಸಿಮೆಂಟ್ ಹೇರಿಕೊಂಡು ಬೀದರ್ ಕಡೆಗೆ ಹೋಗುವ ಗಾಡಿಗೆ ಈ ದಾರಿಯಲ್ಲಿ ಲೋಡೂ ಏರೂ ಒಟ್ಟಿಗೇ ಎದುರಾಗುತ್ತವೆ. ಹಿಂದಿರುಗುವಾಗ ಅದು ಬಹಳ ಸಲ ಖಾಲಿ, ದಾರಿಯೂ ಇಳಿಜಾರು.

ಒಂದು ಏರನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. 28.5 ಟನ್ ಒಟ್ಟು ತೂಕದ 10 ಚಕ್ರದ ಲಾರಿ ಸಮತಟ್ಟು ರಸ್ತೆಯಲ್ಲಿ 60ರ ವೇಗದಲ್ಲಿ ಹೋಗುವಾಗ, ಟೈರಿನ ಉರುಳುವಿಕೆಯ ತಡೆ ಮತ್ತು ಗಾಳಿಯ ತಡೆ ಕೂಡಿ ಸುಮಾರು 325 ಕಿಲೋ ಎಳೆತ ಸಾಕು. ನೂರು ಮೀಟರಿಗೆ ಮೂರು ಮೀಟರ್ ಏರುವ ದಿನ್ನೆ ಎದುರಾದರೆ ಅದರ ತೂಕದ ನೂರರಲ್ಲಿ ಮೂರು ಭಾಗ, ಅಂದರೆ 855 ಕಿಲೋ ಹೆಚ್ಚುವರಿ ಎಳೆತ ಬೇಕಾಗುತ್ತದೆ. ವೇಗ ಇಳಿದಂತೆ ಗಾಳಿಯ ತಡೆ ಕೊಂಚ ತಗ್ಗಿದರೂ ಒಟ್ಟು 1100 ಕಿಲೋ ದಾಟುತ್ತದೆ, ಅಂದರೆ ಸಮತಟ್ಟಿನ ಮೂರು ಪಟ್ಟಿಗಿಂತ ಹೆಚ್ಚು. 700 ನ್ಯೂಟನ್ ಮೀಟರ್ ಟಾರ್ಕಿನ ಎಂಜಿನ್ ಇದನ್ನು ಹತ್ತಬೇಕೆಂದರೆ 5.86ರ ಹೌಸಿಂಗ್ ಇದ್ದಾಗ ಸುಮಾರು 1.5 ಅನುಪಾತದ ಗೇರಿಗೆ ಇಳಿದರೆ ಸಾಕು, 4.88ರ ಹೌಸಿಂಗ್ ಇದ್ದರೆ ಸುಮಾರು 1.8ರ ಗೇರು ಬೇಕು. ಬಾಕ್ಸಿನಲ್ಲಿ ಅಷ್ಟೇ ಅನುಪಾತದ ಗೇರು ಇರುವುದಿಲ್ಲವಾದ್ದರಿಂದ ಎರಡನೆಯವನು ಬಹುತೇಕ ಇನ್ನೂ ಒಂದು ಗೇರು ಕೆಳಗೆ ಹೋಗುತ್ತಾನೆ.

ಹೌಸಿಂಗ್ ಬದಲಿಸಿದ ಮಾತ್ರಕ್ಕೆ ಎಂಜಿನ್‌ನ ಶಕ್ತಿ ಹೆಚ್ಚುವುದಿಲ್ಲ ಎಂಬುದನ್ನೂ ಇಲ್ಲಿ ಸೇರಿಸಬೇಕು. ಸರಿಯಾದ ಗೇರಿನಲ್ಲಿದ್ದರೆ ದಿನ್ನೆ ಹತ್ತುವ ವೇಗ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಆ ಸರಿಯಾದ ಗೇರು ಕೈಗೆ ಸುಲಭವಾಗಿ ಸಿಗುತ್ತದೆಯೇ ಎಂಬುದನ್ನು ಹೌಸಿಂಗ್ ತೀರ್ಮಾನಿಸುತ್ತದೆ. ನೇರ ಗೇರಿನಿಂದ 0.78ರ ಓವರ್‌ಡ್ರೈವ್‌ಗೆ ಹೋದಾಗ ಆರ್‌ಪಿಎಂ ಒಮ್ಮೆಲೇ ನೂರಕ್ಕೆ 22ರಷ್ಟು ಬೀಳುತ್ತದೆ. ಬಿದ್ದ ಮೇಲೂ ಎಂಜಿನ್ ತನ್ನ ಟಾರ್ಕಿನ ಪಟ್ಟಿಯೊಳಗೇ ಉಳಿದರೆ ಚಾಲಕ ಸಣ್ಣಪುಟ್ಟ ದಿನ್ನೆಗಳನ್ನು ಗೇರು ಮುಟ್ಟದೆ ದಾಟುತ್ತಾನೆ. ಪಟ್ಟಿಯ ಕೆಳಗೆ ಬಿದ್ದರೆ ಪ್ರತಿ ದಿನ್ನೆಗೂ ಮೇಲೆ ಕೆಳಗೆ ಎಂದು ಗೇರು ಹಾಕುತ್ತಾ ಅವನ ಎಡಗಾಲು ಸೋಲುತ್ತದೆ. ಕೊನೆಗೆ ಬೇಸತ್ತು ಗೇರು ಇಳಿಸದೆ ಹಾಗೆಯೇ ಎಳೆಸುತ್ತಾನೆ. ನಮ್ಮ ಬೇಸಿಗೆಯಲ್ಲಿ, ತಾಪಮಾನ 42–43 ಡಿಗ್ರಿ ಮುಟ್ಟಿರುವಾಗ, ಇದು ಬಹಳ ಅಪಾಯದ ಅಭ್ಯಾಸ. ಕಡಿಮೆ ಆರ್‌ಪಿಎಂನಲ್ಲಿ ನೀರಿನ ಪಂಪೂ ಫ್ಯಾನೂ ನಿಧಾನವಾಗಿ ತಿರುಗುತ್ತವೆ, ಉರಿಯುವ ಡೀಸೆಲ್ ಮಾತ್ರ ಪೂರ್ಣ ಪ್ರಮಾಣದ್ದಾಗಿರುತ್ತದೆ. ಹೆಡ್ ಗ್ಯಾಸ್ಕೆಟ್ ಹೋದಾಗ ರೇಡಿಯೇಟರನ್ನು ಬೈಯುವವರು ಹೌಸಿಂಗ್‌ನ ಕಡೆಗೆ ಒಮ್ಮೆಯೂ ತಿರುಗಿ ನೋಡುವುದಿಲ್ಲ.

ಏರಿನಷ್ಟೇ ಮುಖ್ಯವಾದದ್ದು ನಿಂತ ಗಾಡಿ ಹೊರಡುವ ಗಳಿಗೆ. ಅಫಜಲಪುರ, ಆಳಂದ ಭಾಗದ ಎರೆಹೊಲದಿಂದ ಕಬ್ಬು ಹೇರಿ ರಸ್ತೆಗೆ ಬರುವ ಲಾರಿಯಾಗಲಿ, ಗಂಜ್ ಮಾರುಕಟ್ಟೆಗೆ ತೊಗರಿ ತರಲು ಹಳ್ಳಿಯ ಹಸಿ ದಾರಿಗೆ ಇಳಿಯುವ ಗಾಡಿಯಾಗಲಿ, ಮೊದಲ ಗೇರು ಮತ್ತು ಹೌಸಿಂಗ್‌ನ ಗುಣಲಬ್ಧದ ಮೇಲೆಯೇ ಬದುಕುತ್ತದೆ. ಆ ಗುಣಲಬ್ಧ ಕಡಿಮೆಯಾದಷ್ಟೂ ಚಾಲಕ ಕ್ಲಚ್ಚನ್ನು ಅರ್ಧ ಒತ್ತಿ ಹೆಚ್ಚು ಹೊತ್ತು ಜಾರಿಸಬೇಕಾಗುತ್ತದೆ, ಕ್ಲಚ್ ಪ್ಲೇಟ್ ಸುಡುವುದು ಅಲ್ಲಿಯೇ. ಶಹಾಬಾದಿನ ಹಾಸುಗಲ್ಲಿನ ಗಣಿಗಳಲ್ಲಿ ದುಡಿಯುವ ಟಿಪ್ಪರ್‌ಗಳ ಲೆಕ್ಕ ಬೇರೆಯೇ. ಅವುಗಳಲ್ಲಿ ಕೆಲವಕ್ಕೆ ಗಾಲಿಯ ಹಬ್‌ನಲ್ಲೂ ಒಂದು ಹಂತದ ಗೇರು ಇರುವುದರಿಂದ ಅವುಗಳನ್ನು ಈ ಚರ್ಚೆಗೆ ಸೇರಿಸುತ್ತಿಲ್ಲ.

ಇನ್ನು ಅನುಪಾತವನ್ನು ನಡುವೆ ಬದಲಿಸುವವರ ವಿಷಯ. ನನ್ನ ಅಣ್ಣನ ಮಗ ಓವರ್‌ಡ್ರೈವ್ ಇರುವ ಒಂದು ಸೆಕೆಂಡ್ ಹ್ಯಾಂಡ್ ಲಾರಿ ಕೊಂಡು ಸೇಡಂ ಕಡೆಯ ಸಿಮೆಂಟಿಗೆ ಹಾಕಿದ್ದಾನೆ. ಗಾಡಿಯಲ್ಲಿದ್ದ 5.86ರ ಜೋಡಿ ಸದ್ದು ಮಾಡತೊಡಗಿದಾಗ ಗ್ಯಾರೇಜೊಂದರಲ್ಲಿ ಅವನಿಗೆ ಗುಜರಿಯಿಂದ ತಂದ 4.88ರ ಜೋಡಿ ಹಾಕಿಕೊಟ್ಟರು. ಇದರಿಂದ ಎವರೇಜ್ ಏರುತ್ತದೆಂಬ ಭರವಸೆಯನ್ನೂ ಕೊಟ್ಟರು. ಆಮೇಲೆ ಅವನು ಹೇಳುತ್ತಿದ್ದುದು ಮೂರು ದೂರು. ಕ್ಲಚ್ ಬೇಗ ಹೋಗುತ್ತಿದೆ, ಓವರ್‌ಡ್ರೈವ್‌ಗೆ ಹಾಕಿದರೆ ಗಾಡಿ ಎಳೆಯುವುದಿಲ್ಲ, ಎವರೇಜ್ ಏರುವ ಬದಲು ಇಳಿದಿದೆ. ಮೊದಲೆರಡರ ಕಾರಣವನ್ನು ಮೇಲೆ ಬರೆದಿದ್ದೇನೆ. ಮೂರನೆಯದರಲ್ಲಿ ಒಂದು ಸೂಕ್ಷ್ಮವಿತ್ತು. ಆ ಗಾಡಿಯ ಮೀಟರು ಗೇರ್‌ಬಾಕ್ಸಿನಿಂದ ಹೊರಬರುವ ಶಾಫ್ಟಿನ ಸುತ್ತನ್ನು ಎಣಿಸಿ ಕಿಲೋಮೀಟರ್ ತೋರಿಸುತ್ತದೆ. ಹೌಸಿಂಗ್ ಬದಲಾದ ಮೇಲೆ ಅಷ್ಟೇ ಸುತ್ತಿಗೆ ಗಾಡಿ ನೂರಕ್ಕೆ 20ರಷ್ಟು ಹೆಚ್ಚು ದೂರ ಹೋಗುತ್ತಿತ್ತು, ಮೀಟರಿಗೆ ಅದು ಗೊತ್ತಿರಲಿಲ್ಲ. ನಿಜವಾಗಿ 120 ಕಿಲೋಮೀಟರ್ ಓಡಿದ್ದರೆ ಮೀಟರಿನಲ್ಲಿ 100 ಏರುತ್ತಿತ್ತು. ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳನ್ನು ಹಿಡಿದು ನೋಡಿದಾಗ ಎವರೇಜ್ ಅವನು ಅಂದುಕೊಂಡಷ್ಟು ಇಳಿದಿರಲಿಲ್ಲ, ಗ್ಯಾರೇಜಿನವರು ಹೇಳಿದಂತೆ ಏರಿಯೂ ಇರಲಿಲ್ಲ. ದೊಡ್ಡ ಸಂಖ್ಯೆಯ ಹೌಸಿಂಗ್‌ಗೆ ಬದಲಿಸಿದವರಿಗೆ ಇದೇ ತಪ್ಪು ತಿರುಗುಮುರುಗಾಗಿ ಸಿಹಿಸುದ್ದಿಯಂತೆ ಕಾಣುತ್ತದೆ. ಹೌಸಿಂಗ್ ಬದಲಿಸಿ ಎವರೇಜ್ ಇಷ್ಟು ಏರಿತು, ಅಷ್ಟು ಏರಿತು ಎಂದು ಹೇಳುವವರನ್ನು ನಾನು ಮೊದಲು ಕೇಳುವುದು ಮೀಟರ್ ಸರಿಪಡಿಸಿದ್ದೀರಾ ಎಂದು.

ದೂರದ ಲೆಕ್ಕ ತಪ್ಪಿದರೆ ಹಣದ ಲೆಕ್ಕ ಮಾತ್ರ ತಪ್ಪುತ್ತದೆ, ವೇಗದ ಲೆಕ್ಕ ತಪ್ಪಿದರೆ ಜೀವಕ್ಕೇ ಕುತ್ತು. ಸರಕು ವಾಹನಗಳಿಗೆ ಕಡ್ಡಾಯವಾಗಿರುವ ವೇಗ ನಿಯಂತ್ರಕ 80ಕ್ಕೆ ಹೊಂದಿಸಿರುತ್ತದೆ. ಅದೂ ಶಾಫ್ಟಿನ ಸುತ್ತಿನಿಂದಲೇ ವೇಗವನ್ನು ತಿಳಿಯುವ ಗಾಡಿಯಾದರೆ, 5.86ನ್ನು ಕಿತ್ತು 4.88 ಹಾಕಿದ ಮೇಲೆ ನಿಯಂತ್ರಕ ತಡೆಯುವುದು 96ರ ವೇಗದಲ್ಲಿ. ಚಾಲಕನ ಕಣ್ಣಮುಂದಿನ ಮುಳ್ಳು 60 ತೋರಿಸುವಾಗ ಲಾರಿ 72ರಲ್ಲಿ ಹೋಗುತ್ತಿರುತ್ತದೆ, ಶಾಲೆಯ ಮುಂದೆ 30 ಎಂದು ನಂಬಿ 36ರಲ್ಲಿ ದಾಟುತ್ತಾನೆ. ಲೋಡ್ ಲಾರಿಯನ್ನು ನಿಲ್ಲಿಸಲು ಬೇಕಾಗುವ ಅಂತರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ, ನೂರಕ್ಕೆ 20ರಷ್ಟು ಹೆಚ್ಚಿದ ವೇಗಕ್ಕೆ ಬ್ರೇಕ್ ಒತ್ತಿದ ಮೇಲಿನ ಅಂತರ ನೂರಕ್ಕೆ 44ರಷ್ಟು ಹೆಚ್ಚುತ್ತದೆ. ಚಾಲಕನ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ. ಆದರೂ ಅಪಘಾತವಾದರೆ ಠಾಣೆಯ ಮೆಟ್ಟಿಲು ಹತ್ತುವವನು ಅವನೇ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನೋಂದಣಿ ಪತ್ರದ ವಿವರಗಳು ತಯಾರಕರು ನಮೂದಿಸಿದ್ದಕ್ಕೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ ಎಂಬುದನ್ನೂ ಮಾಲೀಕರು ನೆನಪಿನಲ್ಲಿಡಬೇಕು. ತಯಾರಕರೇ ಅದೇ ಮಾದರಿಗೆ ಕೊಡುವ ಅನುಪಾತಗಳ ಆಚೆಗೆ ಹೋಗುವುದು ಯಾವ ದೃಷ್ಟಿಯಿಂದಲೂ ಸರಿಯಲ್ಲ. ಅವುಗಳೊಳಗೇ ಬದಲಿಸಿದರೂ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಮೀಟರನ್ನೂ ನಿಯಂತ್ರಕವನ್ನೂ ಹೊಸ ಅನುಪಾತಕ್ಕೆ ಹೊಂದಿಸಿಕೊಳ್ಳದೆ ಗಾಡಿಯನ್ನು ರಸ್ತೆಗೆ ತರಬಾರದು.

ಗುಜರಿ ಜೋಡಿಗಳ ಬಗ್ಗೆ ಒಂದು ಮಾತು. ಕ್ರೌನ್ ಮತ್ತು ಪಿನಿಯನ್‌ಗಳನ್ನು ಕಾರ್ಖಾನೆಯಲ್ಲಿ ಒಂದಕ್ಕೊಂದು ಉಜ್ಜಿ ಹೊಂದಿಸಿ, ಎರಡರ ಮೇಲೂ ಒಂದೇ ಜೋಡಿ ಸಂಖ್ಯೆಯನ್ನು ಕೆತ್ತಿರುತ್ತಾರೆ. ಆ ಸಂಖ್ಯೆ ಹೊಂದದ ಜೋಡಿಯನ್ನು, ಹಲ್ಲಿನ ಎಣಿಕೆ ಸರಿಯಿದೆ ಎಂಬ ಒಂದೇ ಕಾರಣಕ್ಕೆ ಕೂರಿಸಿದರೆ ಅದು ಊಳಿಡುತ್ತಲೇ ಸವೆಯುತ್ತದೆ.

ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು ಹೌಸಿಂಗ್ ಬಿಚ್ಚದೆಯೇ ಅನುಪಾತವನ್ನು ತಿಳಿಯಬಹುದು. ಒಂದೇ ಆ್ಯಕ್ಸಲ್‌ಗೆ ಎಳೆತವಿರುವ ಲಾರಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಮುಂದಿನ ಗಾಲಿಗಳಿಗೆ ಎರಡೂ ಕಡೆ ಗಟ್ಟಿಯಾದ ಮರದ ಅಡ್ಡೆ ಕೊಟ್ಟು, ಎಳೆಯುವ ಆ್ಯಕ್ಸಲ್‌ನ ಒಂದು ಬದಿಯನ್ನು ಮಾತ್ರ ಜಾಕ್ ಹಾಕಿ ಎತ್ತಿ, ಕೆಳಗೆ ಸ್ಟ್ಯಾಂಡ್ ಇಡಬೇಕು. ಆಮೇಲೆ ಗೇರು ನ್ಯೂಟ್ರಲ್‌ಗೆ ತಂದು ಪಾರ್ಕಿಂಗ್ ಬ್ರೇಕ್ ಬಿಡಬೇಕು. ಪ್ರೊಪೆಲ್ಲರ್ ಶಾಫ್ಟಿನ ಮೇಲೆ ಸುಣ್ಣದ ಬಳಪದಿಂದ ಒಂದು ಗೆರೆ, ಎತ್ತಿದ ಟೈರಿನ ಮೇಲೆ ಒಂದು ಗೆರೆ. ಒಬ್ಬರು ಟೈರನ್ನು ನಿಧಾನವಾಗಿ ಸರಿಯಾಗಿ ಎರಡು ಸುತ್ತು ತಿರುಗಿಸುತ್ತಾರೆ, ಇನ್ನೊಬ್ಬರು ಪಕ್ಕದಿಂದ ಶಾಫ್ಟಿನ ಗೆರೆ ಎಷ್ಟು ಸಲ ಬಂತೆಂದು ಎಣಿಸುತ್ತಾರೆ. ನೆಲದ ಮೇಲಿರುವ ಇನ್ನೊಂದು ಬದಿಯ ಗಾಲಿ ತಿರುಗದಿರುವುದರಿಂದ ಎರಡೂ ಬದಿಯ ಗಾಲಿಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್‌ನ ಸ್ವಭಾವಕ್ಕೆ ತಕ್ಕಂತೆ ಟೈರಿನ ಎರಡು ಸುತ್ತಿಗೆ ಕ್ರೌನ್‌ನ ಒಂದೇ ಸುತ್ತು ಆಗುತ್ತದೆ, ಆದ್ದರಿಂದಲೇ ಎರಡು ಸುತ್ತು. ಶಾಫ್ಟ್ ಆರು ಸುತ್ತಿಗೆ ಚೂರು ಕಡಿಮೆ ತಿರುಗಿದರೆ 5.86, ಐದಕ್ಕೆ ಚೂರು ಕಡಿಮೆ ತಿರುಗಿದರೆ 4.88, ಏಳಕ್ಕೆ ಚೂರು ಕಡಿಮೆಯಾದರೆ 6.83. ಈ ಕೆಲಸದಲ್ಲಿ ಸ್ಟ್ಯಾಂಡ್ ಇಲ್ಲದೆ ಬರೀ ಜಾಕನ್ನು ನಂಬಿ ಗಾಡಿಯ ಕೆಳಗೆ ಯಾರೂ ಹೋಗಕೂಡದು.

ಓವರ್‌ಡ್ರೈವ್‌ನ ವಿರುದ್ಧ ಹೇಳುವವರ ಮಾತಿನಲ್ಲಿಯೂ ಸತ್ಯವಿದೆ. ನೇರ ಗೇರಿನಲ್ಲಿ ಎಂಜಿನ್‌ನ ಶಕ್ತಿ ಬಾಕ್ಸಿನ ಮುಖ್ಯ ಶಾಫ್ಟಿನ ಮೂಲಕ ನೆಟ್ಟಗೆ ಹಾದುಹೋಗುತ್ತದೆ, ಓವರ್‌ಡ್ರೈವ್‌ನಲ್ಲಿ ಅದು ಪಕ್ಕದ ಶಾಫ್ಟಿಗೆ ಇಳಿದು ಮತ್ತೆ ಮೇಲೆ ಬರಬೇಕು. ಎರಡು ಕಡೆ ಹಲ್ಲು ಹಲ್ಲಿಗೆ ಉಜ್ಜುವುದರಿಂದ ಸ್ವಲ್ಪ ಶಕ್ತಿ ಬಿಸಿಯಾಗಿ ಹೋಗುತ್ತದೆ. ಹಾಗಾಗಿ ವರ್ಷವಿಡೀ ಹೈದರಾಬಾದ್–ಸೊಲ್ಲಾಪುರ–ಪುಣೆ ನಡುವಿನ ರಾಷ್ಟ್ರೀಯ ಹೆದ್ದಾರಿ 65ರಲ್ಲೇ ಓಡುವ ಗಾಡಿಗೆ ನೇರ ಗೇರಿನ ಬಾಕ್ಸ್ ಮತ್ತು ಸಣ್ಣ ಸಂಖ್ಯೆಯ ಹೌಸಿಂಗ್ ಒಳ್ಳೆಯ ಜೋಡಿಯಾದೀತು. ಆದರೆ ಆ ಜೋಡಿಯಲ್ಲಿ ಗಾಲಿಗೆ ಅಷ್ಟೇ ಎಳೆತ ಕೊಡಲು ಪ್ರೊಪೆಲ್ಲರ್ ಶಾಫ್ಟ್ ಹೆಚ್ಚು ತಿರುಚುಬಲವನ್ನು ಹೊರಬೇಕು. ಶಾಫ್ಟಿನ ಕೀಲುಗಳಾದ ಜಾಯಿಂಟ್ ಕ್ರಾಸ್‌ಗಳ ಮೇಲೆ ಭಾರ ಬೀಳುವುದು ಕೆಳಗಿನ ಗೇರುಗಳಲ್ಲಿ ಕಷ್ಟಪಟ್ಟು ಎಳೆಯುವಾಗ. ದೊಡ್ಡ ಸಂಖ್ಯೆಯ ಹೌಸಿಂಗ್ ಮತ್ತು ಓವರ್‌ಡ್ರೈವ್ ಕೂಡಿದಾಗ ಶಾಫ್ಟಿಗೆ ತಿರುಚುಬಲ ಕಡಿಮೆ, ಸುತ್ತು ಹೆಚ್ಚು: ಎಂಜಿನ್ 1700ರಲ್ಲಿದ್ದರೆ ಶಾಫ್ಟ್ 2180ರಲ್ಲಿ ತಿರುಗುತ್ತಿರುತ್ತದೆ. ಆಗ ಶಾಫ್ಟಿನ ಬ್ಯಾಲೆನ್ಸ್ ಮತ್ತು ಸೆಂಟರ್ ಬೇರಿಂಗ್ ಕಡೆಗೆ ಗಮನ ಬೇಕು. ಗ್ರೀಸ್ ಹೊಡೆಸುವುದನ್ನು ತಪ್ಪಿಸದವನಿಗೆ ಇದು ದೊಡ್ಡ ತೊಂದರೆಯಲ್ಲ.

ನನ್ನ ತೀರ್ಮಾನವನ್ನು ನೇರವಾಗಿ ಹೇಳುತ್ತೇನೆ. ಕಲಬುರಗಿ, ಯಾದಗಿರಿ, ಬೀದರ್ ಜಿಲ್ಲೆಗಳ ಒಳಗೇ ಸಿಮೆಂಟ್, ತೊಗರಿ, ಕಲ್ಲು, ಕಬ್ಬು ಹೇರುವ, ಒಂದು ದಿಕ್ಕಿಗೆ ಲೋಡ್ ಮತ್ತೊಂದು ದಿಕ್ಕಿಗೆ ಖಾಲಿ ಓಡುವ 10 ಚಕ್ರದ ಲಾರಿಗೆ ಓವರ್‌ಡ್ರೈವ್ ಬಾಕ್ಸ್ ಇದ್ದರೆ 5.86ರ ಆಸುಪಾಸಿನ ಹೌಸಿಂಗ್ ಸರಿ. ಲೋಡ್ ಇದ್ದಾಗ ನೇರ ಗೇರಿನಲ್ಲಿ 40–50ರ ವೇಗಕ್ಕೆ ಎಂಜಿನ್ 1220ರಿಂದ 1530ರ ನಡುವೆ ಇರುತ್ತದೆ, ಖಾಲಿ ಬರುವಾಗ 60ಕ್ಕೆ ಓವರ್‌ಡ್ರೈವ್‌ನಲ್ಲಿ 1430. ಎರಡೂ ಟಾರ್ಕಿನ ಪಟ್ಟಿಯೊಳಗೇ ಇವೆ. ಹುಮನಾಬಾದಿನಿಂದ ಹೆದ್ದಾರಿ 65 ಹಿಡಿದು ದೂರದೂರಿಗೆ ಹೋಗುವುದೇ ಹೆಚ್ಚು ಎನ್ನುವವರು ಓವರ್‌ಡ್ರೈವ್ ಜೊತೆ 4.88 ತೆಗೆದುಕೊಳ್ಳಬಹುದು, ಏಕೆಂದರೆ 80ರ ವೇಗದಲ್ಲಿ ಅವರ ಎಂಜಿನ್ 1580ರಲ್ಲಿರುತ್ತದೆ, 5.86 ಇದ್ದರೆ 1900. ಕಡಿಮೆ ಶಕ್ತಿಯ ಹಳೆಯ ಎಂಜಿನ್ ಇಟ್ಟುಕೊಂಡು ಹೊಲ-ಕಾರ್ಖಾನೆ ನಡುವೆಯೇ ತಿರುಗುವವರು 6.83ರಲ್ಲೇ ಮುಂದುವರಿಯಲಿ, ಅವರಿಗೆ ಓವರ್‌ಡ್ರೈವ್‌ನ ಅಗತ್ಯವೇ ಕಡಿಮೆ. ಬಾಕ್ಸಿನ ಓವರ್‌ಡ್ರೈವ್ ಅನುಪಾತ 0.78 ಅಲ್ಲದೆ 0.73 ಅಥವಾ 0.85 ಆಗಿದ್ದರೆ ಈ ಅಂಕಿಗಳು ಬದಲಾಗುತ್ತವೆ. ಲೆಕ್ಕದ ಕ್ರಮ ಬದಲಾಗುವುದಿಲ್ಲ. ಟೈರ್ 9.00ರಿಂದ 10.00ಕ್ಕೆ ಬದಲಾದರೂ, ಹೊಸ ಟೈರ್ ಪೂರ್ತಿ ಸವೆದರೂ ಆಗುವ ವ್ಯತ್ಯಾಸ ನೂರಕ್ಕೆ ಮೂರರ ಹತ್ತಿರ ಮಾತ್ರ. ಹೌಸಿಂಗ್‌ನ ಒಂದು ಹೆಜ್ಜೆ ನೂರಕ್ಕೆ 14ರಿಂದ 17ರಷ್ಟು ತೂಗುತ್ತದೆ. ಮಿತಿ ಮೀರಿದ ಲೋಡ್ ಹೇರುವ ಉದ್ದೇಶದಿಂದ ದೊಡ್ಡ ಸಂಖ್ಯೆಯ ಹೌಸಿಂಗ್ ಕೇಳುವವರೂ ಇದ್ದಾರೆ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ನಾಲ್ಕು ಟೈರಿನ ಒಂಟಿ ಆ್ಯಕ್ಸಲ್‌ನ ಮಿತಿಯನ್ನು 10.2ರಿಂದ 11.5 ಟನ್‌ಗೆ ಏರಿಸಿದ ಮೇಲೂ ಅದನ್ನು ಮೀರಿ ಹೇರುವವರಿಗೆ ಈ ಪತ್ರದಲ್ಲಿ ಯಾವ ಸಲಹೆಯೂ ಇಲ್ಲ.

ಲಾರಿ ಮಾರುವವರಲ್ಲಿ ನನ್ನದೊಂದು ಬೇಡಿಕೆ ಇದೆ. ಕೊಳ್ಳುವವನಿಗೆ ಕೊಡುವ ದರಪಟ್ಟಿಯಲ್ಲಿ ಕ್ಯಾಬಿನ್ನಿನ ಬಣ್ಣ, ಸೀಟಿನ ಹೊದಿಕೆಗಳ ವಿವರವಿರುತ್ತದೆ. ಹೌಸಿಂಗ್‌ನ ಅನುಪಾತ, ಕೊನೆಯ ಗೇರಿನ ಅನುಪಾತ, ಮೊದಲ ಗೇರಿನ ಅನುಪಾತ ಮತ್ತು ಟೈರಿನ ಅಳತೆಯನ್ನು ಒಂದೇ ಸಾಲಿನಲ್ಲಿ ಬರೆಯುವುದಿಲ್ಲ. ಕೇಳಿದರೆ "ಕಂಪನಿಯಿಂದ ಬಂದಂತೆ ಬರುತ್ತದೆ" ಎಂಬ ಉತ್ತರ ಸಿಗುತ್ತದೆ. ಆ ನಾಲ್ಕು ಅಂಕಿಗಳನ್ನೂ, ಅವುಗಳ ಮುಂದೆ 40, 60 ಮತ್ತು 80ರ ವೇಗದಲ್ಲಿ ಎಂಜಿನ್‌ನ ಆರ್‌ಪಿಎಂ ಎಷ್ಟೆಂಬುದನ್ನೂ ಕನ್ನಡದಲ್ಲಿ ಮುದ್ರಿಸಿ ಕೊಡಬೇಕು. ನಮ್ಮ ಸರ್ಕಾರಿ ಐಟಿಐಗಳ ಮೆಕ್ಯಾನಿಕ್ ವಿಭಾಗದ ಹುಡುಗರಿಗೆ ಕ್ರೌನ್-ಪಿನಿಯನ್ ಬಿಚ್ಚಿ ಜೋಡಿಸುವುದರ ಜೊತೆಗೆ ಈ ಗುಣಾಕಾರವನ್ನೂ ಮೀಟರ್ ಹೊಂದಿಸುವುದನ್ನೂ ಕಲಿಸಬೇಕು. ಫಿಟ್‌ನೆಸ್ ಪರೀಕ್ಷೆಗೆ ಬಂದ ಲಾರಿಯ ವೇಗ ನಿಯಂತ್ರಕ ಇದೆಯೇ ಎಂದಷ್ಟೇ ನೋಡದೆ, ಅದು ಯಾವ ನಿಜವಾದ ವೇಗದಲ್ಲಿ ತಡೆಯುತ್ತದೆ ಎಂಬುದನ್ನು ಸಾರಿಗೆ ಇಲಾಖೆಯ ಅಧಿಕಾರಿಗಳು ಜಿಪಿಎಸ್ ಹಿಡಿದು ಪರೀಕ್ಷಿಸಬೇಕೆಂದೂ ಒತ್ತಾಯಿಸುತ್ತೇನೆ. ಲಾರಿ ಮಾಲೀಕರ ಸಂಘದವರು ಮುಂದಿನ ಸಭೆಯಲ್ಲಿ ಈ ಬೇಡಿಕೆಗಳನ್ನು ನಿರ್ಣಯವಾಗಿ ಮಂಡಿಸಿ ಜಿಲ್ಲಾಧಿಕಾರಿಗಳಿಗೂ ಮಾರಾಟಗಾರರಿಗೂ ಲಿಖಿತವಾಗಿ ಸಲ್ಲಿಸಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಲಾರಿ ಮಾಲೀಕರೊಬ್ಬರು, ಕಲಬುರಗಿ